ಸೋತಾಗಲೆಲ್ಲ ವೇಷ ಬದಲಿಸುವ ಹುಡುಗ

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ಎಂಬ ವಿಡಿಯೊ ಗೇಮನ್ನು ಹೊರತಂದಾಗ, ಯಂತ್ರಕ್ಕೆ ನಾಣ್ಯ ಹಾಕಿದವನ ಮುಂದೆ ಎಂಟು ಮುಖಗಳು ಮೂಡುತ್ತಿದ್ದವು. ಜಪಾನಿನ ರ್ಯೂ, ಅವನ ಗೆಳೆಯ ಅಮೆರಿಕದ ಕೆನ್, ಸುಮೋ ಜಟ್ಟಿ ಹೋಂಡಾ, ಬ್ರೆಜಿಲಿನ ಹಸಿರು ಮೈಯ ಬ್ಲಾಂಕಾ, ಅಮೆರಿಕದ ವಾಯುಪಡೆಯ ಗೈಲ್, ಚೀನಾದ ಚುನ್-ಲಿ, ಆಗಿನ್ನೂ ಉಸಿರಾಡುತ್ತಿದ್ದ ಸೋವಿಯತ್ ಒಕ್ಕೂಟದ ಕುಸ್ತಿಪಟು ಜಾಂಗೀಫ್, ಮತ್ತು ಭಾರತದ ಹೆಸರಿನಲ್ಲಿ ಧಲ್‌ಸಿಮ್. ಈ ಧಲ್‌ಸಿಮ್‌ನ ಕೊರಳಲ್ಲಿ ತಲೆಬುರುಡೆಗಳ ಸರ. ಕೈಕಾಲುಗಳು ರಬ್ಬರಿನಂತೆ ಉದ್ದವಾಗುತ್ತವೆ. ಬಾಯಿಂದ ಬೆಂಕಿ ಬರುತ್ತದೆ. ಯೋಗ ಕಲಿತವರ ಬಾಯಿಂದ ಬೆಂಕಿ ಬರುತ್ತದೆಂದು ಜಪಾನಿನ ಕಲಾವಿದರಿಗೆ ಯಾರು ಹೇಳಿದರೋ!

ಇರಲಿ. ಈ ಎಂಟು ಮುಖಗಳಲ್ಲಿ ಒಂದನ್ನು ಆರಿಸಿದ ಮೇಲೆಯೇ ಆಟ ಶುರು. 2023ರ ಜೂನ್‌ನಲ್ಲಿ ಬಂದ ‘ಸ್ಟ್ರೀಟ್ ಫೈಟರ್ 6’ 18 ಪಾತ್ರಗಳೊಂದಿಗೆ ಆರಂಭವಾಯಿತು. ಆಮೇಲೆ ವರ್ಷಕ್ಕೆ ನಾಲ್ಕರಂತೆ ಹೊಸಬರು ಬಂದು ಸೇರಿದರು. ಹೀಗೆ ಆರಿಸಿಕೊಂಡು ತನ್ನದೇ ಮಾಡಿಕೊಂಡ ಪಾತ್ರಕ್ಕೆ ಆಟಗಾರರು ‘ಮೇನ್’ ಎನ್ನುತ್ತಾರೆ. ಇಬ್ಬರು ಅಪರಿಚಿತ ಆಟಗಾರರು ಭೇಟಿಯಾದರೆ ಊರು, ಹೆಸರು ಕೇಳುವ ಮೊದಲು ಕೇಳುವುದು ಇದನ್ನೇ: ನಿನ್ನ ಮೇನ್ ಯಾರು?

ಈ ಪ್ರಶ್ನೆಗೆ ಉತ್ತರ ಹೇಳಲಾರದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಪಿಯುಸಿ ಓದುತ್ತಿದ್ದಾನೆ. ಸಂಜೆ ಒಂದು ಗಂಟೆ ಆಡಲು ಮನೆಯಲ್ಲಿ ಅನುಮತಿ ಇದೆ. ಸೋಮವಾರ ರ್ಯೂ ಆಗಿ ಆಡಿ ಐದು ಪಂದ್ಯ ಸೋತ. ಮಂಗಳವಾರ, ತನ್ನನ್ನು ಸೋಲಿಸಿದವನು ಕೆನ್ ಆಗಿದ್ದನೆಂಬ ಕಾರಣಕ್ಕೆ ತಾನೂ ಕೆನ್ ಆದ, ಮತ್ತೆ ಸೋತ. ಬುಧವಾರ ಯಾರೋ ಪಟ್ಟಿ ಮಾಡಿ ‘ಈಗ ಎಲ್ಲರಿಗಿಂತ ಬಲಶಾಲಿ ಇವಳೇ’ ಎಂದರೆಂದು ಚುನ್-ಲಿ. ಶನಿವಾರದ ಹೊತ್ತಿಗೆ ಜಾಂಗೀಫ್‌ನವರೆಗೆ ಬಂದಿದ್ದಾನೆ.

‘ಏನಪ್ಪಾ, ಇವತ್ತೂ ಸೋತೆಯಾ?’ ಎಂದು ತಾಯಿ ಕೇಳಿದರೆ, ‘ನಾನಲ್ಲಮ್ಮಾ, ಈ ಪಾತ್ರಾನೇ ಸರಿ ಇಲ್ಲ’ ಎಂಬ ಉತ್ತರ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಹುಡುಗನನ್ನು ನೋಡಿ ನಗುವ ಮೊದಲು ಒಂದು ಮಾತು. ಅವನು ಸೋಮಾರಿಯಲ್ಲ, ಪ್ರತಿದಿನವೂ ಕಷ್ಟಪಟ್ಟೇ ಆಡುತ್ತಿದ್ದಾನೆ. ಪರೀಕ್ಷೆ ಹತ್ತಿರ ಬಂದಂತೆ ಗೈಡು ಬದಲಿಸುವ, ಟ್ಯೂಷನ್ ಬದಲಿಸುವ ವಿದ್ಯಾರ್ಥಿಗಳೂ ಸೋಮಾರಿಗಳಲ್ಲವಷ್ಟೆ? ಅವರೆಲ್ಲ ದುಡಿಯುತ್ತಾರೆ. ದುಡಿದದ್ದು ಒಂದೆಡೆ ಸೇರುವುದಿಲ್ಲ, ಅಷ್ಟೆ. ಅದು ಯಾಕೆ ಸೇರುವುದಿಲ್ಲ ಎಂಬುದನ್ನು ಈ ಆಟದಲ್ಲಿ ಲೆಕ್ಕ ಹಾಕಿ ತೋರಿಸಬಹುದು. ಪುಸ್ತಕದ ಓದಿನಲ್ಲಿ ಅಷ್ಟು ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಇಂಥ ಆಟದ ಪರದೆಯ ಮೇಲೆ ಒಂದು ಸೆಕೆಂಡಿಗೆ 60 ಚಿತ್ರಗಳು ಹಾಯುತ್ತವೆ. ಒಂದೊಂದಕ್ಕೂ ಫ್ರೇಮ್ ಎಂದು ಹೆಸರು. ‘ಸ್ಟ್ರೀಟ್ ಫೈಟರ್ 6’ರಲ್ಲಿ ಅತಿ ವೇಗದ ಗುದ್ದು ಎದುರಾಳಿಗೆ ತಾಗಲು 4 ಫ್ರೇಮ್ ಸಾಕು. ಎಂದರೆ ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ. ಮನುಷ್ಯನ ಕಣ್ಣು ಒಂದು ಬದಲಾವಣೆಯನ್ನು ಕಂಡು, ಅದು ಮಿದುಳಿಗೆ ತಲುಪಿ, ಬೆರಳು ಅಲುಗಬೇಕಾದರೆ ಸುಮಾರು 12ರಿಂದ 15 ಫ್ರೇಮ್‌ಗಳಷ್ಟು ಹೊತ್ತು ಬೇಕು. ಹಾಗಾದರೆ ಆ ಗುದ್ದನ್ನು ಕಣ್ಣಾರೆ ಕಂಡು ತಡೆಯುವುದು ಯಾರಿಂದಲೂ ಸಾಧ್ಯವಿಲ್ಲ. ಬರುವ ಮೊದಲೇ ಗೊತ್ತಿರಬೇಕು. ಇಷ್ಟು ದೂರದಲ್ಲಿ ನಿಂತಾಗ ಇವನು ಇದನ್ನು ಮಾಡಬಹುದು, ಅದನ್ನು ಮಾಡಲಾರ ಎಂಬ ತಿಳಿವಳಿಕೆಯೇ ರಕ್ಷಣೆ. ಚುರುಕು ಬೆರಳಿದ್ದರೆ ಸಾಕು, ಇದು ಮಕ್ಕಳ ಆಟ ಎಂದುಕೊಂಡವರು ಮೊದಲು ಎಡವುವುದು ಇಲ್ಲಿ.

ಆದರೆ ಎಲ್ಲವೂ ಅಷ್ಟು ವೇಗವಾಗಿಲ್ಲ. ಎದುರಾಳಿ ಗಾಳಿಗೆ ಜಿಗಿದು ಮೇಲೆ ಬೀಳಲು ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡು ಹಿಡಿಯುತ್ತದೆ. ಇದನ್ನು ನೋಡಿ ಹೊಡೆದು ಕೆಡವಲು ಬೇಕಾದಷ್ಟು ಸಮಯವಿದೆ. ಆದರೂ ಹೊಸಬರು ಜಿಗಿತಕ್ಕೆ ಸಿಕ್ಕಿಬಿದ್ದು ಸೋಲುತ್ತಲೇ ಇರುತ್ತಾರೆ. ಕಣ್ಣಿಗೆ ಕಾಣುವುದಿಲ್ಲವೆಂದಲ್ಲ. ಅವರ ಗಮನವೆಲ್ಲ ತಮ್ಮದೇ ಕೈಯ ಮೇಲಿರುತ್ತದೆ: ಯಾವ ಗುಂಡಿ, ಕೋಲನ್ನು ಎತ್ತ ತಿರುಗಿಸಬೇಕು, ಈಗ ಒತ್ತಿದ್ದು ಬಂತೋ ಇಲ್ಲವೋ. ಹೆಜ್ಜೆಯನ್ನು ಮನಸ್ಸಿನಲ್ಲೇ ಎಣಿಸುತ್ತಿರುವ ಯಕ್ಷಗಾನದ ಹೊಸ ವೇಷಧಾರಿಗೆ ಎದುರು ಪಾತ್ರದ ಮಾತು ಕಿವಿಗೆ ಬೀಳದು. ಬೀಳದಿದ್ದ ಮೇಲೆ ಉತ್ತರವೆಲ್ಲಿಂದ ಬಂದೀತು? ಹೆಜ್ಜೆ ಕಾಲಿಗೆ ಇಳಿದ ಮೇಲೆಯೇ ಅರ್ಥಗಾರಿಕೆಗೆ ಬಿಡುವು. ಮೇನ್ ಇಟ್ಟುಕೊಳ್ಳುವುದರ ನಿಜವಾದ ಲಾಭ ಇದೇ. ಒಂದು ಪಾತ್ರ ಕೈಗೆ ಹತ್ತಿದ ದಿನ ಆಟಗಾರ ತನ್ನ ಕೈಯನ್ನು ಮರೆತು ಎದುರಿನವನನ್ನು ನೋಡಲು ತೊಡಗುತ್ತಾನೆ. ಹುಡುಗ ಪ್ರತಿದಿನ ಪಾತ್ರ ಬದಲಿಸಿ ಕಳೆದುಕೊಳ್ಳುತ್ತಿರುವುದೂ ಇದನ್ನೇ. ಅವನು ದಿನವೂ ಮೊದಲನೆಯ ದಿನವನ್ನೇ ಆಡುತ್ತಿದ್ದಾನೆ.

ಇನ್ನೊಂದು ಲೆಕ್ಕವೂ ಇದೆ. 18 ಪಾತ್ರಗಳ ಆಟದಲ್ಲಿ ಒಬ್ಬನನ್ನೇ ನೆಚ್ಚಿದವನು ಕಲಿಯಬೇಕಾದ ಜೋಡಿಗಳು 18: ತನ್ನವನು ಒಂದು ಕಡೆ, ಎದುರಿಗೆ ಯಾರು ಬೇಕಾದರೂ, ತನ್ನದೇ ಪಾತ್ರವೂ. ಮೂವರನ್ನು ಇಟ್ಟುಕೊಂಡರೆ ಅದು 54. ದಿನಕ್ಕೊಂದು ಗಂಟೆ ಆಡುವ ವಿದ್ಯಾರ್ಥಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎಂದ ಹಿರಿಯರು ಇಂಥ ಗುಣಾಕಾರವನ್ನು ಕಂಡವರೇ ಇರಬೇಕು.

ಸರಿ, ಯಾರನ್ನು ಆರಿಸುವುದು? ಪಾತ್ರಗಳು ಎಷ್ಟೇ ಇರಲಿ, ಅವುಗಳ ಸ್ವಭಾವಗಳು ಕೆಲವೇ. ಹಳೆಯ ಎಂಟು ಮಂದಿಯಲ್ಲೇ ಅವುಗಳ ಮಾದರಿಗಳಿವೆ. ರ್ಯೂ ದೂರದಿಂದ ಶಕ್ತಿಯ ಉಂಡೆಯೊಂದನ್ನು ಎಸೆಯುತ್ತಾನೆ. ಎದುರಾಳಿ ಅದನ್ನು ತಪ್ಪಿಸಲು ಜಿಗಿದರೆ, ಕೆಳಗಿನಿಂದ ಮೇಲಕ್ಕೆ ಹಾರುವ ಗುದ್ದಿನಿಂದ ಅವನನ್ನು ಗಾಳಿಯಲ್ಲೇ ಕೆಡವುತ್ತಾನೆ. ಜಿಗಿಯದೆ ನಿಂತರೆ ಇನ್ನೊಂದು ಉಂಡೆ. ಇಡೀ ಪ್ರಕಾರದ ಅಕ್ಷರಮಾಲೆ ಇಷ್ಟರಲ್ಲಿದೆ. ಹೊಸಬರಿಗೆ ರ್ಯೂ ಒಳ್ಳೆಯವನೆಂದು ಅನುಭವಿಗಳು ಹೇಳುವುದು ಅವನು ಸುಲಭವೆಂದಲ್ಲ, ಅವನಲ್ಲಿ ಮುಚ್ಚುಮರೆಯಿಲ್ಲವೆಂದು. ರ್ಯೂ ಆಗಿ ಸೋತವನಿಗೆ ಯಾಕೆ ಸೋತೆನೆಂದು ಗೊತ್ತಾಗುತ್ತದೆ: ಉಂಡೆಯನ್ನು ತೀರ ಹತ್ತಿರದಿಂದ ಎಸೆದೆ, ಅಥವಾ ಎದುರಾಳಿ ಜಿಗಿದಾಗ ನಿದ್ದೆ ಮಾಡಿದೆ.

ಜಾಂಗೀಫ್‌ನದು ತದ್ವಿರುದ್ಧ ದಾರಿ. ಉಂಡೆ ಎಸೆಯಲಾರ, ನಡಿಗೆ ನಿಧಾನ. ಆದರೆ ಒಮ್ಮೆ ಕೈಗೆ ಸಿಕ್ಕವನನ್ನು ಹಿಡಿದೆತ್ತಿ ತಲೆಕೆಳಗಾಗಿ ನೆಲಕ್ಕೆ ಕುಕ್ಕಿದನೆಂದರೆ ಪಂದ್ಯದ ದಿಕ್ಕೇ ಬದಲು. ಕಬಡ್ಡಿಯಲ್ಲಿ ಮೂಲೆ ಹಿಡಿದು ಕಾಯುವ ಕ್ಯಾಚರನ ಹಾಗೆ. ಎದುರಾಳಿ ಅವನ ಅಳತೆಯೊಳಕ್ಕೆ ಬರುವವರೆಗೆ ಏಟು ತಿನ್ನುವ ತಾಳ್ಮೆ ಬೇಕು. ಏಟು ತಿಂದರೆ ಸಿಟ್ಟಾಗುವ ಹುಡುಗರಿಗೆ ಇವನು ಹೇಳಿಸಿದವನಲ್ಲ. ಗೈಲ್ ಇನ್ನೊಂದು ಬಗೆ. ಅವನ ಅಸ್ತ್ರ ಹೊರಡಬೇಕಾದರೆ ಕೋಲನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಒತ್ತಿ ಹಿಡಿದಿರಬೇಕು. ಹಾಗಾಗಿ ಮುಂದಿನ ಹೆಜ್ಜೆಯನ್ನು ಈಗಲೇ ಯೋಚಿಸುವ, ಅವಸರವಿಲ್ಲದ ಸ್ವಭಾವದವರ ಕೈಯಲ್ಲಿ ಅವನು ಕೋಟೆಯಂತೆ. ಧಲ್‌ಸಿಮ್ ಉದ್ದನೆಯ ಕೈಗಳಿಂದ ಎದುರಾಳಿಯನ್ನು ದೂರವೇ ನಿಲ್ಲಿಸುವವನು; ಹತ್ತಿರ ಬಂದರೆ ಅವನಿಗೆ ಕಷ್ಟ. ಅವನನ್ನು ಕಲಿಯಲು ಬೇರೆಯವರನ್ನು ಕಲಿತ ಅಭ್ಯಾಸ ಅಷ್ಟಾಗಿ ಸಹಾಯಕ್ಕೆ ಬಾರದು, ಮೊದಲಿನಿಂದ ಶುರುಮಾಡಬೇಕು. ಭಾರತದವನೆಂಬ ಅಭಿಮಾನದಿಂದ ಮೊದಲ ದಿನವೇ ಅವನನ್ನು ಆರಿಸಿದ ಮಕ್ಕಳು ಒಂದೇ ವಾರದಲ್ಲಿ ದೇಶಾಂತರ ಹೋಗುವುದು ಇದಕ್ಕೇ!

ಹಾಗಾದರೆ ಮೊದಲ ವಾರ ಎಲ್ಲರನ್ನೂ ಆಡಿ ನೋಡುವುದರಲ್ಲಿ ತಪ್ಪಿಲ್ಲ. ಆಡಿ ನೋಡಬೇಕಾದದ್ದೇ. ನೋಡುವಾಗ ಯಾರಿಂದ ಹೆಚ್ಚು ಗೆದ್ದೆ ಎಂಬ ಲೆಕ್ಕಕ್ಕಿಂತ, ಯಾರಿಂದ ಸೋತಾಗಲೂ ಇನ್ನೊಂದು ಪಂದ್ಯ ಆಡಬೇಕೆನ್ನಿಸಿತು ಎಂಬುದು ಹೆಚ್ಚು ನಂಬಿಕೆಯ ಸೂಚನೆ. ಏಕೆಂದರೆ ಮೊದಲ ತಿಂಗಳುಗಳಲ್ಲಿ ಯಾರನ್ನು ಆರಿಸಿದರೂ ಸೋಲೇ ಹೆಚ್ಚು. ಉಡುಪು ಚೆಂದ, ನಡಿಗೆ ಗತ್ತು, ಹಿನ್ನೆಲೆಯ ಸಂಗೀತ ಇಷ್ಟ ಎಂಬ ಕಾರಣಗಳು ಹಿರಿಯರಿಗೆ ಹುಡುಗಾಟವೆನ್ನಿಸಬಹುದು. ಆದರೆ ನೂರನೆಯ ಸೋಲಿನ ನಂತರವೂ ಕುರ್ಚಿಯಲ್ಲಿ ಕೂರಿಸುವುದು ಬಹಳ ಸಲ ಇಂಥ ಕಾರಣವೇ.

ಇಲ್ಲಿ ಬಲಾಬಲದ ಪಟ್ಟಿಗಳ ಮಾತು ಬರುತ್ತದೆ. ಪ್ರತಿ ಆಟದಲ್ಲೂ ಕೆಲವು ಪಾತ್ರಗಳು ಬಲಶಾಲಿ, ಕೆಲವು ದುರ್ಬಲ, ಇದು ಸುಳ್ಳಲ್ಲ. ಗೆಲ್ಲಲೇಬೇಕಾದವನು ಬಲಶಾಲಿಯನ್ನೇ ಆರಿಸಲಿ ಎಂಬ ವಾದಕ್ಕೆ ದೊಡ್ಡ ಉದಾಹರಣೆ ಜಪಾನಿನ ಹಾಜಿಮೆ ತಾನಿಗುಚಿ. ಆಟಗಾರರ ನಡುವೆ ಅವನ ಹೆಸರು ಟೊಕಿಡೊ. ಟೋಕಿಯೊ ವಿಶ್ವವಿದ್ಯಾಲಯದ ಪದವೀಧರ. ಪಾಲಕರು ಈ ವಾಕ್ಯವನ್ನು ಎರಡು ಸಲ ಓದಬಹುದು. ಮಕ್ಕಳು ಇದನ್ನೇ ಹಿಡಿದು ವಾದಿಸಬಾರದು, ಆ ಪದವಿ ಆಟದಿಂದ ಬಂದದ್ದಲ್ಲ. ಪ್ರಬಲ ಪಾತ್ರವನ್ನು ಹುಡುಕಿ, ಅದರ ಲಾಭವನ್ನು ಲೆಕ್ಕ ಹಾಕಿ ಆಡುವವನೆಂದು ಟೊಕಿಡೊಗೆ ಮೊದಲಿನಿಂದಲೂ ಹೆಸರು. 2017ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಇವೋ ಪಂದ್ಯಾವಳಿಯಲ್ಲಿ, ಅಂದರೆ ಈ ಆಟಗಳ ಅತಿ ಪ್ರತಿಷ್ಠಿತ ವಾರ್ಷಿಕ ಕೂಟದಲ್ಲಿ, ಅಕುಮಾ ಎಂಬ ಪಾತ್ರದೊಂದಿಗೆ ‘ಸ್ಟ್ರೀಟ್ ಫೈಟರ್ 5’ರ ಪ್ರಶಸ್ತಿ ಗೆದ್ದ.

ಆದರೆ ಅದೇ ಇವೋದ ಪಟ್ಟಿಯನ್ನು ನಾಲ್ಕು ವರ್ಷ ಹಿಂದಕ್ಕೆ ತಿರುಗಿಸಿದರೆ ಬೇರೆ ಚಿತ್ರ. 2013ರಲ್ಲಿ ‘ಸ್ಟ್ರೀಟ್ ಫೈಟರ್ 4’ರಲ್ಲಿ ಗೆದ್ದವನು ಸಿಂಗಪುರದ ಶಿಯಾನ್. ಅವನ ಪಾತ್ರ ಗೆನ್: ಎರಡು ಬೇರೆ ಬೇರೆ ನಿಲುವುಗಳಲ್ಲಿ ಎರಡು ಬೇರೆ ಬೇರೆ ವಿದ್ಯೆಗಳಿರುವ ಮುದುಕ. ಒಬ್ಬನನ್ನು ಕಲಿಯಲು ಇಬ್ಬರನ್ನು ಕಲಿಯಬೇಕಾದ ತಲೆನೋವೆಂದು ಹೆಚ್ಚಿನವರು ದೂರವಿಟ್ಟ ಪಾತ್ರವದು. ಫೈನಲ್‌ನಲ್ಲಿ ಅವನೆದುರು ಸೋತವನು ಇದೇ ಟೊಕಿಡೊ! ಮರುವರ್ಷ, 2014ರಲ್ಲಿ, ಫ್ರಾನ್ಸಿನ ಲೂಫಿ ಎಂಬ ಆಟಗಾರ ರೋಸ್ ಎಂಬ ಪಾತ್ರದೊಂದಿಗೆ ಗೆದ್ದ. ಅವನ ಕೈಯಲ್ಲಿದ್ದದ್ದು ಇಪ್ಪತ್ತು ವರ್ಷ ಹಿಂದಿನ ಮೊದಲ ಪ್ಲೇಸ್ಟೇಷನ್ನಿನ ಕಂಟ್ರೋಲರು. ಸುತ್ತಲಿನವರು ದುಬಾರಿ ಜಾಯ್‌ಸ್ಟಿಕ್ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೊಸ ಉಪಕರಣ ಕೊಡಿಸದಿದ್ದರೆ ಗೆಲ್ಲಲಾಗದು ಎಂದು ಮನೆಯಲ್ಲಿ ಹಟ ಹಿಡಿದ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಛಾಯಾಚಿತ್ರ ಸಿಗಲಾರದು.

ಇವೆರಡು ಬಗೆಯ ಗೆಲುವುಗಳಲ್ಲಿ ವಿರೋಧ ಕಾಣಬೇಕಿಲ್ಲ. ಬಲಾಬಲದ ಪಟ್ಟಿಯಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಇರುವ ಅಂತರ, ಆ ಪಾತ್ರದಿಂದ ಸಾಧ್ಯವಿರುವ ಎಲ್ಲವನ್ನೂ ಹಿಂಡಿ ತೆಗೆಯಬಲ್ಲ ಇಬ್ಬರು ಎದುರಾದಾಗ ನಿರ್ಣಾಯಕವಾದೀತು. ಆರು ತಿಂಗಳ ಹಿಂದೆ ಆಡಲು ತೊಡಗಿದ ವಿದ್ಯಾರ್ಥಿ ಸೋಲುವುದು ಆ ಅಂತರದಿಂದಲ್ಲ. ಅವನು ಸೋಲುವುದು ಜಿಗಿತವನ್ನು ತಡೆಯದೆ, ಮೂಲೆಗೆ ಸಿಕ್ಕಾಗ ಗಾಬರಿಯಾಗಿ ಗುಂಡಿ ಒತ್ತುತ್ತ. ಆ ಗಾಬರಿ ಯಾವ ಪಾತ್ರಕ್ಕೆ ಹೋದರೂ ಹಿಂದೆಯೇ ಬರುತ್ತದೆ.

ಹಾಗೆಂದು ಒಮ್ಮೆ ಆರಿಸಿದ ಮೇಲೆ ಜೀವನಪೂರ್ತಿ ಬದಲಿಸಬಾರದೇ? ಇದಕ್ಕೆ ಡೈಗೊ ಉಮೆಹಾರಾನ ಕಥೆ ನೋಡಬೇಕು. 1981ರಲ್ಲಿ ಜಪಾನಿನಲ್ಲಿ ಹುಟ್ಟಿದ ಈತ ಈ ಆಟಗಳ ಲೋಕದಲ್ಲಿ ದಂತಕಥೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇವೋದಲ್ಲಿ, ‘ಸ್ಟ್ರೀಟ್ ಫೈಟರ್ 3’ರ ಪಂದ್ಯದಲ್ಲಿ, ಅವನ ಕೆನ್‌ಗೆ ಉಳಿದಿದ್ದ ಜೀವ ಕೂದಲೆಳೆಯಷ್ಟು. ಎದುರಿಗೆ ಅಮೆರಿಕದ ಜಸ್ಟಿನ್ ವಾಂಗ್‌ನ ಚುನ್-ಲಿ. ಆಕೆಯ ಮಹಾಸ್ತ್ರವೆಂದರೆ ಒಂದರ ಹಿಂದೊಂದು 15 ಒದೆತ. ಸುಮ್ಮನೆ ಅಡ್ಡಗಟ್ಟಿದರೂ ಕೆನ್ ಸಾಯುತ್ತಾನೆ, ಏಕೆಂದರೆ ತಡೆದ ಅಸ್ತ್ರವೂ ಚೂರುಚೂರು ಜೀವ ಕೊರೆಯುತ್ತದೆ. ಉಳಿದ ದಾರಿ ಒಂದೇ: ಪ್ರತಿ ಒದೆತವೂ ತಾಗುವ ಕ್ಷಣಕ್ಕೆ ಸರಿಯಾಗಿ ಕೋಲನ್ನು ಮುಂದಕ್ಕೆ, ಏಟು ಬರುವ ದಿಕ್ಕಿಗೇ, ತಟ್ಟುವುದು. ಡೈಗೊ ಅಷ್ಟನ್ನೂ ತಟ್ಟಿ ತಳ್ಳಿ, ತಿರುಗಿ ಹೊಡೆದು, ಆ ಸುತ್ತು ಗೆದ್ದ. ಜನ ಕುರ್ಚಿಯಿಂದೆದ್ದು ಕೂಗಿದ ಆ ದೃಶ್ಯವನ್ನು ಇವತ್ತಿಗೂ ನೋಡಬಹುದು. ಅದೃಷ್ಟ ಎನ್ನುವವರು, ಚುನ್-ಲಿಯ ಒದೆತಗಳ ತಾಳ ಅವನಿಗೆ ಎಷ್ಟು ಬಾಯಿಪಾಠವಾಗಿತ್ತೆಂಬುದನ್ನು ನೋಡಬೇಕು. ಅಂದ ಹಾಗೆ, ಆ ಪಂದ್ಯಾವಳಿಯ ಫೈನಲ್‌ನಲ್ಲಿ ಡೈಗೊ ಸೋತ. ಇದನ್ನು ಹೇಳುವವರು ಕಡಿಮೆ.

ಆಮೇಲೆ ಅವನು ಆಟವನ್ನೇ ಬಿಟ್ಟ. ಕೆಲಕಾಲ ಮಾಜಾಂಗ್ ಆಡಿದ. ನಂತರ ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದ. ‘ಸ್ಟ್ರೀಟ್ ಫೈಟರ್ 4’ ಬಂದಾಗ ಮರಳಿ, ರ್ಯೂನೊಂದಿಗೆ 2009 ಮತ್ತು 2010ರಲ್ಲಿ ಇವೋ ಗೆದ್ದ. ಮುಂದಿನ ಆಟ ‘ಸ್ಟ್ರೀಟ್ ಫೈಟರ್ 5’ರಲ್ಲೂ ರ್ಯೂ. ಆದರೆ 2016ರ ಕೊನೆಯಲ್ಲಿ ಕಂಪನಿ ಆಟವನ್ನು ಪರಿಷ್ಕರಿಸಿದಾಗ ರ್ಯೂನ ಬಲ ತಗ್ಗಿಸಲಾಯಿತು. ಮರುವರ್ಷ ಡೈಗೊ ಗೈಲ್‌ನ ಕಡೆ ಹೋದ. ಅಂದರೆ ಆ ಮಹಾಶಯನೂ ಮೇನ್ ಬದಲಿಸಿದ. ಬದಲಿಸಿದ್ದು ರ್ಯೂನ ಮೂಲೆಮೂಲೆಯನ್ನೂ ಬಲ್ಲವನಾಗಿ. ಇಂಥದ್ದು ಮೊದಲು ಸಾಧ್ಯವಿತ್ತು, ಈಗ ಇಲ್ಲ ಎಂದು ಬೆರಳಿಟ್ಟು ತೋರಿಸಬಲ್ಲವನಾಗಿ. ಶನಿವಾರದ ಹೊತ್ತಿಗೆ ಜಾಂಗೀಫ್ ಆದ ಹುಡುಗನನ್ನು ‘ರ್ಯೂನಲ್ಲಿ ಏನು ಕೊರತೆ?’ ಎಂದು ಕೇಳಿದರೆ ಅವನು ಹೇಳಲಾರ. ಐದು ಪಂದ್ಯದಲ್ಲಿ ಕೊರತೆ ಕಾಣುವಷ್ಟು ಪರಿಚಯವೇ ಆಗಿರುವುದಿಲ್ಲ.

ಪಾಲಕರು ಇದರಲ್ಲಿ ಮಾಡಬಹುದಾದದ್ದು ಏನಾದರೂ ಇದೆಯೇ? ಆಟದ ಸೂಕ್ಷ್ಮ ಅವರಿಗೆ ಗೊತ್ತಿರಬೇಕಾಗಿಲ್ಲ. ‘ಗೆದ್ದೆಯಾ?’ ಎಂದು ಕೇಳುವ ಬದಲು ‘ಇವತ್ತು ಎಲ್ಲಿ ಸಿಕ್ಕಿಬಿದ್ದೆ?’ ಎಂದು ಕೇಳಿದರೆ ಸಾಕು. ‘ಅವನು ಜಿಗಿದಾಗಲೆಲ್ಲ ಏಟು ತಿಂದೆ’ ಎಂಬ ಉತ್ತರ ಬಂದರೆ ಹುಡುಗ ಸರಿದಾರಿಯಲ್ಲಿದ್ದಾನೆ. ‘ಎದುರಿನವನ ಪಾತ್ರ ಮೋಸ’ ಎಂದರೆ ಇನ್ನೂ ಹೊರಟಿಲ್ಲ. ಈಗಿನ ಆಟಗಳಲ್ಲಿ ಆಡಿದ ಪಂದ್ಯವನ್ನು ಮತ್ತೆ ಹಾಕಿ ನೋಡುವ ಅನುಕೂಲವಿದೆ, ಎದುರಾಳಿಯ ಒಂದೇ ಹೊಡೆತವನ್ನು ನೂರು ಸಲ ಮಾಡಿಸಿ ತಡೆಯಲು ಕಲಿಯುವ ಅಭ್ಯಾಸದ ಅಂಕಣವೂ ಇದೆ. ಅನುಮತಿಸಿದ ಒಂದು ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕೆ ಹೋದರೆ ಗಂಟೆಯನ್ನು ಎರಡಾಗಿಸುವ ಬೇಡಿಕೆ ಬರುವುದೂ ಕಡಿಮೆ. ದುಡ್ಡಿನ ವಿಷಯವೂ ಇಲ್ಲದಿಲ್ಲ. ಆಟ ಬಂದ ಮೇಲೆ ಸೇರುವ ಹೊಸ ಪಾತ್ರಗಳನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಮಾರುತ್ತಾರೆ. ‘ಹೊಸಬ ಬಂದಿದ್ದಾನೆ, ಅವನಿದ್ದರೆ ಗೆಲ್ಲುತ್ತೇನೆ’ ಎಂಬ ಮಾತಿನ ಹಿಂದೆ ಒಂದು ಬಿಲ್ಲಿರುತ್ತದೆ. ಕೊಡಿಸುವ ಮೊದಲು, ಹಳಬನೊಂದಿಗೆ ಒಂದು ಕಿರುಪರೀಕ್ಷೆಯಿಂದ ಮುಂದಿನ ಕಿರುಪರೀಕ್ಷೆಯವರೆಗಾದರೂ ಬಾಳಿದ್ದಾನೆಯೇ ಎಂದು ವಿಚಾರಿಸಬಹುದು.

ಇಂಥ ಆಟಗಳು 2023ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೂ ಬಂದವು. ಚೀನಾದ ಹಾಂಗ್‌ಝೌನಲ್ಲಿ ನಡೆದ ಆ ಕೂಟದಲ್ಲಿ ‘ಸ್ಟ್ರೀಟ್ ಫೈಟರ್ 5’ಕ್ಕೆ ಪದಕಗಳಿದ್ದವು. ಭಾರತದಿಂದ ಇಬ್ಬರು ಹೋಗಿದ್ದರು, ಪದಕ ಸಿಗಲಿಲ್ಲ. ಚಿನ್ನ ಗೆದ್ದವನು ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ. ವಯಸ್ಸು 44, ಎದುರಾಳಿಗಳಲ್ಲಿ ಹಲವರಿಗೆ ಚಿಕ್ಕಪ್ಪನಾಗಬಹುದಾದವನು. ಹುಡುಗನಾಗಿದ್ದಾಗ ನಾಣ್ಯದ ಯಂತ್ರಗಳ ಮುಂದೆ ನಿಂತು ಆಟ ಕಲಿತವನು. ಅವನು ಆಡಿದ ಪಾತ್ರ ಮುಖವಾಡ ಧರಿಸಿ, ಕೈಗೆ ಉಕ್ಕಿನ ಉಗುರು ಕಟ್ಟಿಕೊಂಡ ಸ್ಪೇನಿನ ವೇಗಾ. 1991ರ ಆ ಎಂಟು ಮುಖಗಳಲ್ಲಿ ವೇಗಾ ಇರಲಿಲ್ಲ. ಆಗ ಅವನು ಆಟದ ಕೊನೆಯಲ್ಲಿ ಎದುರಾಗುವ ನಾಲ್ವರು ಖಳರಲ್ಲಿ ಒಬ್ಬ. ಆಟಗಾರರು ಅವನನ್ನು ಆರಿಸಿಕೊಳ್ಳಲು ಮರುವರ್ಷದ ಪರಿಷ್ಕೃತ ಆವೃತ್ತಿ ಬರುವವರೆಗೆ ಕಾಯಬೇಕಾಯಿತು.